ವೇಗದ ವಾಹನಕ್ಕೆ ತಡೆಯ ಎಚ್ಚರ

ಪೋರ್ಷೆ 911ರಂತಹ ಸ್ಪೋರ್ಟ್ಸ್ ಕಾರನ್ನು ಇರಿಸಿಕೊಂಡವರು ಅದರ ಬ್ರೇಕ್ ಪ್ಯಾಡುಗಳನ್ನು ಸ್ವಹಸ್ತದಿಂದಲೇ ಬದಲಿಸಲು ಉದ್ಯುಕ್ತರಾಗುವುದು ಪ್ರಶಂಸನೀಯವಾದರೂ, ಸಾಮಾನ್ಯ ಕಾರಿನಲ್ಲಿ ಪಡೆದ ಅನುಭವವೊಂದನ್ನೇ ನೆಚ್ಚಿ ಈ ಕಾರ್ಯಕ್ಕೆ ಕೈಯಿಕ್ಕುವುದು ವಿವೇಕವೆನಿಸದು. ಸಾಮಾನ್ಯ ಕಾರಿನ ಜಾರುವ ಕ್ಯಾಲಿಪರಿನಲ್ಲಿ ಬಹುಮಟ್ಟಿಗೆ ಒಂದೇ ಪಿಸ್ಟನ್ ಇದ್ದರೆ, ಇಲ್ಲಿಯ ಸ್ಥಿರ ಕ್ಯಾಲಿಪರಿನಲ್ಲಿ ಡಿಸ್ಕಿನ ಉಭಯ ಪಾರ್ಶ್ವಗಳೂ ಸೇರಿ ಸಾಮಾನ್ಯವಾಗಿ ನಾಲ್ಕೋ ಆರೋ ಇರುವುದರಿಂದ, ಒಂದನ್ನು ಹಿಂದಕ್ಕೆ ಒತ್ತುವಷ್ಟರಲ್ಲಿ ಮತ್ತೊಂದು ಮುಂದಕ್ಕೆ ಸರಿಯುವುದು. ಹಾಗೆ ಒತ್ತಲ್ಪಟ್ಟ ಬ್ರೇಕ್ ದ್ರವವು ಮೇಲಣ ಪಾತ್ರೆಯಿಂದ ಉಕ್ಕಿ ಚೆಲ್ಲಿತೆಂದರೆ ಕಾರಿನ ಬಣ್ಣವನ್ನೇ ತಿಂದುಹಾಕುವುದು. ತಾಪದಿಂದಲೂ ಧೂಳಿನಿಂದಲೂ ಬಿಗಿದುಕೊಂಡ ಪಿನ್ನುಗಳು, ಪಿಸ್ಟನ್ನುಗಳಿಗೆ ಕಚ್ಚಿಕೊಂಡಿರುವ ಕಂಪನನಿರೋಧಕ ಬಿಲ್ಲೆಗಳು, ಅವಸರದಿಂದ ಎಳೆದರೆ ತುಂಡಾಗುವ ಸವೆತಸೂಚಕ ತಂತಿಗಳು, ಇವೆಲ್ಲವೂ ಸಹನೆಯನ್ನು ಪರೀಕ್ಷಿಸುವಂಥವೇ.

ಆದುದರಿಂದ, ವಾಚಕ ಮಿತ್ರರೇ, ಕಾರನ್ನು ಜ್ಯಾಕೊಂದರ ಮೇಲೆಯೇ ನಿಲ್ಲಿಸದೆ, ಸಮತಲವಾದ ನೆಲದಲ್ಲಿ ದೃಢವಾದ ಆಧಾರಗಳ ಮೇಲೆ ಇರಿಸಿರಿ. ಕಳಚಿದ ಕ್ಯಾಲಿಪರನ್ನು ಬ್ರೇಕಿನ ಕೊಳವೆಯಿಂದ ಜೋಲಲು ಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಿರಿ. ಬೋಲ್ಟುಗಳನ್ನು ಕೈಯಂದಾಜಿಗೆ ಬಿಡದೆ, ತಯಾರಕರು ವಿಧಿಸಿದ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಒಂದು ಚಕ್ರದ ಪ್ಯಾಡು ಸವೆದಿದ್ದರೂ ಅದರ ಜೊತೆಯ ಚಕ್ರದ್ದನ್ನೂ ಕೂಡಿಯೇ ಬದಲಿಸಿರಿ.

ಕೆಲಸ ಮುಗಿದೊಡನೆಯೇ ಹೊರಟುಬಿಡುವ ಉತ್ಸಾಹವನ್ನು ತಡೆದು, ಪೆಡಲು ಗಟ್ಟಿಯಾಗುವವರೆಗೂ ಅದನ್ನು ಮತ್ತೆ ಮತ್ತೆ ಒತ್ತಬೇಕು. ಹಾಗೆ ಮಾಡದವರಿಗೆ ಮೊದಲನೆಯ ತಿರುವಿನಲ್ಲಿಯೇ ಬ್ರೇಕು ಇಲ್ಲವಾದೀತು. ಹೊಸ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಂಡು ಪೂರ್ಣ ಹಿಡಿತವನ್ನು ಪಡೆಯಲು ಕೆಲವು ನೂರು ಕಿಲೋಮೀಟರುಗಳಾದರೂ ಬೇಕಾಗುವುದರಿಂದ, ಅಲ್ಲಿಯವರೆಗೆ ವೇಗದ ಮೋಹವನ್ನು ಸಂಯಮದಲ್ಲಿಡಿರಿ. ಎಲ್ಲಿಯಾದರೂ ಅಣುಮಾತ್ರ ಸಂಶಯವುಳಿದರೆ, ನುರಿತ ಮೆಕ್ಯಾನಿಕನನ್ನು ಕರೆಯಲು ಸಂಕೋಚಪಡದಿರಿ.