ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕುವ ಮುನ್ನ

ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲ ಬಲಿತರೆ ಕೆರೆಯ ಮೇಲೇ ಊರು ಏಳುತ್ತದೆ. ಮಿಲ್ ಲ್ಯಾಕ್ಸ್‌ನಂಥ ಸರೋವರದ ಮೇಲೆ ಸಾಲು ಸಾಲು ಗುಡಾರ, ನಡುವೆ ಓಡಾಡುವ ಟ್ರಕ್ಕು. ಕೆಲಸಕ್ಕೆಂದು ಅಲ್ಲಿ ನೆಲೆಸಿದ ನಮ್ಮವರನ್ನೂ ಸಹೋದ್ಯೋಗಿಗಳು ಒಂದು ದಿನ ‘ಐಸ್ ಫಿಶಿಂಗ್‌’ಗೆ, ಅಂದರೆ ಮಂಜುಗಡ್ಡೆ ಕೊರೆದು ಆ ತೂತಿನಲ್ಲಿ ಗಾಳ ಇಳಿಸಿ ಮೀನು ಹಿಡಿಯಲು, ಕರೆಯುತ್ತಾರೆ. ಹೋಗಿ, ಆದರೆ ಹೀಗೆ ಹೋಗಿ.

ಮೊದಲ ಕೆಲಸ, ಮಂಜುಗಡ್ಡೆಯ ದಪ್ಪ ಅಳೆಯುವುದು. ‘ನಿನ್ನೆ ಯಾರದೋ ಕಾರು ಹೋಗಿತ್ತು’ ಎಂಬುದು ಅಳತೆಯಲ್ಲ. ದಡದಿಂದಲೇ ಹಾರೆಯಲ್ಲಿ ಕುಟ್ಟುತ್ತಾ ಸಾಗಿ, ಸುಮಾರು 150 ಅಡಿಗೊಮ್ಮೆ ಬೈರಿಗೆಯಿಂದ ಕೊರೆದು ನೋಡಿ. ಗಾಜಿನಂತೆ ತಿಳಿಯಾದ ಹೊಸ ಗಡ್ಡೆ ನಡೆಯುವವರಿಗೆ ಕನಿಷ್ಠ 4 ಇಂಚು ಇರಬೇಕು, ಸ್ನೋಮೊಬೈಲ್‌ಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10. ಬೆಳ್ಳಗಿದ್ದರೆ ಅದರಲ್ಲಿ ಗಾಳಿ, ಹಿಮ ಸೇರಿದೆ ಎಂದರ್ಥ, ದುಪ್ಪಟ್ಟು ದಪ್ಪ ಬೇಕು. ತೊರೆ ಬಂದು ಸೇರುವಲ್ಲಿ, ಸೇತುವೆಯ ಕೆಳಗೆ, ತಳದಲ್ಲಿ ಒರತೆ ಇರುವಲ್ಲಿ ಅದೇ ಕೆರೆ ಬೇರೆಯೇ ಆಗಿರುತ್ತದೆ. ಮೇಲೆ ಬಿದ್ದ ಹಿಮವೂ ಕಂಬಳಿಯಂತೆ ಹೊದ್ದು ಗಡ್ಡೆ ಬೆಳೆಯದಂತೆ ತಡೆಯುತ್ತದೆ.

ಒಬ್ಬರೇ ಹೋಗಬೇಡಿ. ಲೈಫ್ ಜಾಕೆಟ್ ತೊಟ್ಟು, ಐಸ್ ಪಿಕ್ ಎನ್ನುವ ಮೊಳೆಹಿಡಿಗಳ ಜೋಡಿಯನ್ನು ಕೊರಳಿಗೆ ಹಾಕಿಕೊಳ್ಳಿ. ಚೀಲದೊಳಗಿದ್ದರೆ ಅವು ಇದ್ದೂ ಇಲ್ಲದಂತೆ. ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರು ಹಿಡಿತಕ್ಕೆ ತನ್ನಿ. ಕೈಕಾಲು ಮಾತು ಕೇಳುವುದು ಆಮೇಲೆ ಹತ್ತೇ ನಿಮಿಷ. ಬಂದ ದಿಕ್ಕಿಗೇ ತಿರುಗಿ, ಅಲ್ಲಿಯ ಗಡ್ಡೆ ನಿಮ್ಮ ಭಾರ ಹೊತ್ತಿತ್ತು. ಮೊಳೆ ಚುಚ್ಚಿ, ಕಾಲು ಬಡಿದು ಮೇಲೆ ಜಾರಿಕೊಳ್ಳಿ, ಎದ್ದು ನಿಲ್ಲದೆ ಉರುಳುತ್ತಾ ದೂರ ಸರಿಯಿರಿ. ನೋಡುವವರು ಹತ್ತಿರ ಓಡಬಾರದು, ದೂರದಿಂದ ಹಗ್ಗ ಎಸೆಯಬೇಕು. ಗಡ್ಡೆಯ ಮೇಲೆ ಕಾರಿನಲ್ಲಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು: ಮುಳುಗಿದರೆ ಬೇಗ ಹೊರಬರಲು ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ, ಲೈಫ್ ಜಾಕೆಟ್ ತೆಗೆದಿಡಿ.

ಗುಡಾರದೊಳಗೆ ಹೀಟರ್ ಹಚ್ಚಿದರೆ ಗಾಳಿಗೆ ಕಿಂಡಿ ಬಿಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬ್ಯಾಟರಿಯ ಅಲಾರಂ ಒಂದಿರಲಿ.

ಇನ್ನು ನೆರೆಹೊರೆ. ಇನ್ನೊಬ್ಬರ ಗುಡಾರದಿಂದ 10 ಅಡಿಯೊಳಗೆ ನಿಮ್ಮದು ಹೂಡುವುದಕ್ಕೆ ಅಲ್ಲಿನ ಕಾನೂನೇ ಬಿಡುವುದಿಲ್ಲ. ನನ್ನನ್ನು ಕೇಳಿದರೆ 10 ಅಡಿಯೂ ಮೈಮೇಲೆ ಬಿದ್ದಂತೆಯೇ. ಆಳವಿಲ್ಲದ ನೀರಿನಲ್ಲಿ ನಿಮ್ಮ ಬೈರಿಗೆಯ ಸದ್ದಿಗೆ ಪಕ್ಕದವರ ಮೀನೂ ಚದುರುತ್ತದೆ. ‘ಏನು ಸಿಕ್ತು?’ ಎಂದು ಬಗ್ಗಿ ನೋಡುವ ನಮ್ಮೂರ ಕೆರೆದಂಡೆಯ ಚಟ ಅಲ್ಲೂ ಉಂಟು. ಆದರೆ ಹೊರಗಿನಿಂದ ಕೂಗಿ ಕೇಳಿ, ಬಾಗಿಲು ಎಳೆಯಬೇಡಿ. ಬೇರೆಯವರ ದಾರ ಜಗ್ಗಿದರೆ ಅವರನ್ನು ಕರೆಯಿರಿ, ನೀವು ಎಳೆಯಬೇಡಿ.

ಹೊರಡುವಾಗ ಕೊರೆದ ತೂತಿನ ಪಕ್ಕ ಮರದ ಟೊಂಗೆ ನೆಡಿ. ಮೇಲೆ ತೆಳುವಾಗಿ ಕಟ್ಟಿಕೊಂಡರೆ ಕತ್ತಲಲ್ಲಿ ಬರುವವರ ಕಾಲು ಅದರೊಳಗೇ ಹೋಗುತ್ತದೆ. ಗುಡಾರದಡಿ ಇಟ್ಟ ಮರದ ದಿಮ್ಮಿಯನ್ನು ಹೆಪ್ಪುಗಟ್ಟುವ ಮೊದಲೇ ಕಿತ್ತು ಟ್ರಕ್ಕಿಗೆ ಹಾಕಿ. ಬಿಟ್ಟು ಬಂದರೆ ಬೇಸಿಗೆಯಲ್ಲಿ ಅದು ಯಾರದೋ ದೋಣಿಗೆ ಬಡಿಯುತ್ತದೆ.