ಜೀವಕೋಶದ ಮುಪ್ಪು

ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರು ವೃದ್ಧರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಎಪ್ಪತ್ತೈದು ವರ್ಷ. ಒಬ್ಬರು ಬೆಳಗಾಗುತ್ತಲೇ ಹೊಲದವರೆಗೆ ನಡೆದುಹೋಗಿ ಬರುವವರು. ಮತ್ತೊಬ್ಬರು ಜಗಲಿಯ ಕಂಬವನ್ನು ಹಿಡಿಯದೆ ಮೇಲೇಳಲಾರರು. ಪಂಚಾಂಗದ ಲೆಕ್ಕದಲ್ಲಿ ಇವರು ಸಮವಯಸ್ಕರು. ದೇಹದ ಲೆಕ್ಕದಲ್ಲಿ ಹಾಗಲ್ಲ. ಇದು ಎಲ್ಲರೂ ಬಲ್ಲ ಸಂಗತಿಯೇ. ಆದರೆ ಇಬ್ಬರಿಗೂ ದೊಡ್ಡ ಕರುಳಿನ ಕ್ಯಾನ್ಸರ್ ತಗಲಿತೆಂದಾಗ ಈ ವ್ಯತ್ಯಾಸವು ಜೀವನ್ಮರಣದ ಪ್ರಶ್ನೆಯಾಗುತ್ತದೆ. ರೋಗದ ಗಂತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಮೇಲೆ ಉಗ್ರವಾದ ಔಷಧಗಳನ್ನು ಕೊಡಬೇಕೆ, ಬೇಡವೆ? ಕೊಡದಿದ್ದರೆ ರೋಗವು ಮರುಕಳಿಸಬಹುದು. ಕೊಟ್ಟರೆ ಔಷಧವೇ ದೇಹವನ್ನು ಕುಗ್ಗಿಸಬಹುದು. ವೈದ್ಯನು ಯಾವ ವಯಸ್ಸನ್ನು ನಂಬಬೇಕು?

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಅಪರೂಪದ ರೋಗವಲ್ಲ. 2022ರಲ್ಲಿ ಪ್ರಪಂಚದಾದ್ಯಂತ ಸುಮಾರು 19 ಲಕ್ಷ ಜನರಲ್ಲಿ ಅದು ಹೊಸದಾಗಿ ಕಾಣಿಸಿಕೊಂಡಿತು. 9 ಲಕ್ಷ ಜನ ಅದರಿಂದ ಮಡಿದರು. ಇತ್ತೀಚೆಗೆ ಕೆಲವು ದೇಶಗಳಲ್ಲಿ ಕಿರಿಯರಲ್ಲಿಯೂ ಇದು ಹೆಚ್ಚುತ್ತಿರುವುದಾದರೂ, ಬಹುಪಾಲು ರೋಗಿಗಳು ಐವತ್ತು ದಾಟಿದವರೇ. ರೋಗದ ಮುಂದಿನ ಗತಿಯನ್ನು ಊಹಿಸುವ ಪ್ರಯತ್ನ ಹಳೆಯದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ಎಂಬ ವೈದ್ಯರು 1932ರಲ್ಲಿ ಗುದನಾಳದ ಗಂತಿಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಗಂತಿಯು ಕರುಳಿನ ಗೋಡೆಯೊಳಗೇ ಉಳಿದಿದ್ದರೆ ಒಂದು, ಗೋಡೆಯನ್ನು ದಾಟಿದ್ದರೆ ಎರಡು, ಹತ್ತಿರದ ಹಾಲ್ರಸ ಗ್ರಂಥಿಗಳನ್ನು ಮುಟ್ಟಿದ್ದರೆ ಮೂರು. ಇದರ ಸುಧಾರಿತ ರೂಪವನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ಆದರೆ ಈ ವಿಂಗಡಣೆಯು ಗಂತಿಯ ವಿಷಯವನ್ನು ಹೇಳುತ್ತದೆಯೇ ಹೊರತು ಗಂತಿಯನ್ನು ಹೊತ್ತ ಮನುಷ್ಯನ ವಿಷಯವನ್ನು ಹೇಳುವುದಿಲ್ಲ.

ಮುಪ್ಪೆಂಬುದು ಎಲ್ಲಿ ಅಡಗಿದೆ? ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜ್ಞಾನಿಗಳು ಅದು ಜೀವಕೋಶದಲ್ಲಿ ಇಲ್ಲವೆಂದೇ ನಂಬಿದ್ದರು. ಅದಕ್ಕೆ ಕಾರಣ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಅಲೆಕ್ಸಿಸ್ ಕ್ಯಾರೆಲ್ ಅವರ ಒಂದು ಪ್ರಯೋಗ. 1912ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಕೋಳಿಯ ಭ್ರೂಣದ ಹೃದಯದಿಂದ ಒಂದು ತುಣುಕನ್ನು ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸತೊಡಗಿದರು. ಆ ಕೃಷಿಯು ಅವರ ಮರಣಾನಂತರವೂ ನಡೆದು 1946ರವರೆಗೆ ಉಳಿಯಿತು. ಕೋಳಿಯ ಆಯುಷ್ಯವೇ ಅಷ್ಟಿಲ್ಲ! ಬಿಡಿಯಾದ ಜೀವಕೋಶಕ್ಕೆ ಸಾವಿಲ್ಲವೆಂದು ಜನ ತೀರ್ಮಾನಿಸಿದರು. ಮಾನ್ಯರಾದವರು ಹೇಳಿದ ಮಾತನ್ನು ಮತ್ತೆ ಪರೀಕ್ಷಿಸುವ ಗೋಜಿಗೆ ಹೆಚ್ಚು ಮಂದಿ ಹೋಗಲಿಲ್ಲ.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿದ್ದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬ ಇಬ್ಬರು ತರುಣರು ಈ ನಂಬಿಕೆಯನ್ನು ಅಲುಗಾಡಿಸಿದರು. ಮನುಷ್ಯ ಭ್ರೂಣದ ಜೀವಕೋಶಗಳು ಸುಮಾರು ಐವತ್ತು ಸಲ ಇಮ್ಮಡಿಯಾದ ಮೇಲೆ ವಿಭಜನೆಯನ್ನು ನಿಲ್ಲಿಸುವುದನ್ನು ಅವರು ಕಂಡರು. ಪಾತ್ರೆಯಲ್ಲಿಯ ಆಹಾರದಲ್ಲಿ ದೋಷವಿರಬಹುದೆಂಬ ಶಂಕೆ ಸಹಜವಾದುದು. ಅದನ್ನು ನಿವಾರಿಸಲು ಅವರು ಮಾಡಿದ ಉಪಾಯವು ಬಹಳ ಸೊಗಸಾಗಿದೆ. ಆಗಲೇ ಹಲವು ಸಲ ವಿಭಜನೆಗೊಂಡಿದ್ದ ಗಂಡು ಭ್ರೂಣದ ಹಳೆಯ ಕೋಶಗಳನ್ನೂ ಹೆಣ್ಣು ಭ್ರೂಣದ ಹೊಸ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಬೆಳೆಸಿದರು. ವರ್ಣತಂತುಗಳನ್ನು ನೋಡಿ ಗಂಡುಕೋಶ ಯಾವುದು, ಹೆಣ್ಣುಕೋಶ ಯಾವುದು ಎಂದು ಗುರುತಿಸಬಹುದಷ್ಟೆ. ಕೆಲಕಾಲದ ನಂತರ ನೋಡಿದಾಗ ಪಾತ್ರೆಯಲ್ಲಿ ಹೆಣ್ಣುಕೋಶಗಳು ಮಾತ್ರ ಉಳಿದಿದ್ದವು. ಪಾತ್ರೆ ಒಂದೇ, ಆಹಾರ ಒಂದೇ. ಹಳೆಯವು ನಿಂತವು, ಹೊಸವು ನಡೆದವು. ಹಾಗಾದರೆ ಎಷ್ಟು ಸಲ ವಿಭಜನೆಯಾಯಿತೆಂಬ ಎಣಿಕೆಯು ಕೋಶದೊಳಗೇ ಇರಬೇಕು. ಇದು 1961ರಲ್ಲಿ ಪ್ರಕಟವಾಯಿತು. ಕ್ಯಾರೆಲ್ ಅವರ ಪಾತ್ರೆಗೆ ಆಹಾರದೊಡನೆ ಹೊಸ ಕೋಶಗಳು ಸೇರುತ್ತಿದ್ದಿರಬೇಕೆಂಬುದು ಈಗ ಹಲವರ ಅಭಿಪ್ರಾಯ.

ಆ ಎಣಿಕೆಯ ಮಣೆ ಯಾವುದು? ಸೀರೆಯ ಸೆರಗಿನ ಎಳೆಗಳು ಬಿಚ್ಚಿಹೋಗದಂತೆ ಕುಚ್ಚು ಕಟ್ಟುವುದನ್ನು ನೀವು ನೋಡಿದ್ದೀರಿ. ವರ್ಣತಂತುವಿನ ತುದಿಗಳಲ್ಲಿಯೂ ಇಂತಹ ರಕ್ಷಣೆಯಿದೆ. ಅದನ್ನು ಟೆಲೊಮಿಯರ್ ಎನ್ನುತ್ತಾರೆ. ಕೋಶವು ವಿಭಜನೆಯಾದಾಗಲೆಲ್ಲ ಈ ತುದಿಯು ಸ್ವಲ್ಪಸ್ವಲ್ಪವೇ ಮೊಟಕಾಗುತ್ತ ಹೋಗಿ, ಕೊನೆಗೆ ವಿಭಜನೆಯೇ ನಿಲ್ಲುತ್ತದೆ. ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ ಈ ಕುರಿತ ಸಂಶೋಧನೆಗಾಗಿ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕ್ಯಾನ್ಸರ್ ಕೋಶಗಳ ಕಪಟ ಇಲ್ಲಿಯೇ ಇದೆ. ಅವುಗಳಲ್ಲಿ ಹೆಚ್ಚಿನವು ಈ ತುದಿಯನ್ನು ಮತ್ತೆ ಹೆಣೆಯುವ ಕಿಣ್ವವನ್ನು ಎಚ್ಚರಿಸಿಕೊಂಡು ಮುಪ್ಪನ್ನು ತಪ್ಪಿಸಿಕೊಳ್ಳುತ್ತವೆ.

ಕೋಶಕ್ಕೆ ‘ನಿಲ್ಲು’ ಎಂದು ಆಜ್ಞೆ ಮಾಡುವ ಪ್ರೋಟೀನುಗಳೂ ಇವೆ. ಅವುಗಳಲ್ಲಿ ಮುಖ್ಯವಾದುವು ಪಿ-53 ಮತ್ತು ಪಿ-16. ಹೆಸರಿನ ಅಂಕಿಗಳು ಅವುಗಳ ಅಣುತೂಕವನ್ನು ಸೂಚಿಸತಕ್ಕವು. ಪಿ-53ರ ನಿಜವಾದ ತೂಕ ಅದಕ್ಕಿಂತ ಕಡಿಮೆಯೆಂದು ಆಮೇಲೆ ತಿಳಿದರೂ ಒಮ್ಮೆ ಇಟ್ಟ ಹೆಸರು ಹಾಗೆಯೇ ನಿಂತುಬಿಟ್ಟಿತು. ಇದು 1979ರಲ್ಲಿ ಪತ್ತೆಯಾಯಿತು. ಹತ್ತು ವರ್ಷಗಳ ಬಳಿಕ ಬಾಲ್ಟಿಮೋರಿನ ಬರ್ಟ್ ಫೋಗೆಲ್‌ಸ್ಟೈನ್ ಮತ್ತು ಅವರ ಸಂಗಡಿಗರು ದೊಡ್ಡ ಕರುಳಿನ ಗಂತಿಗಳಲ್ಲಿ ಪಿ-53ರ ಜೀನು ಕೆಟ್ಟಿರುವುದನ್ನು ತೋರಿಸಿದರು. ಕಾವಲುಗಾರನೇ ಇಲ್ಲದ ಮನೆಯಲ್ಲಿ ಕಳ್ಳನಿಗೆ ಅಡ್ಡಿಯೇನು? ಇನ್ನು ಪಿ-16 ಎಂಬುದು ಕೋಶಕ್ಕೆ ವಯಸ್ಸಾದಂತೆ ಅದರಲ್ಲಿ ಶೇಖರವಾಗುತ್ತ ಹೋಗುತ್ತದೆ. ಕರುಳಿನ ಎಷ್ಟೋ ಗಂತಿಗಳಲ್ಲಿ ಅದರ ಜೀನಿನ ಬಾಯಿ ಮುಚ್ಚಿರುತ್ತದೆ. ಅಂತಹ ರೋಗಿಗಳ ಗತಿಯು ಇತರರಿಗಿಂತ ಕಷ್ಟವೆಂದು ಹಲವು ಅಧ್ಯಯನಗಳು ಹೇಳಿವೆ.

ಹಾಗಾದರೆ ಕೋಶದ ಮುಪ್ಪು ನಮ್ಮ ಮಿತ್ರನೆ? ಅಷ್ಟು ಸುಲಭವಾಗಿ ಹಾಗೆನ್ನಲಾಗದು. ವಿಭಜನೆಯನ್ನು ನಿಲ್ಲಿಸಿದ ಕೋಶವು ಸಾಯದೆ ಬಹುಕಾಲ ಉಳಿದು, ಉರಿಯೂತವನ್ನು ಕೆರಳಿಸುವ ಹಲವು ಪ್ರೋಟೀನುಗಳನ್ನು ಸುತ್ತಲೂ ಸ್ರವಿಸುತ್ತದೆ. ಇವು ನೆರೆಯ ಕೋಶಗಳನ್ನು ಕೆಡಿಸಿ ಗಂತಿಯ ಬೆಳವಣಿಗೆಗೆ ನೆರವಾಗಲೂಬಹುದು. ಜೂಡಿತ್ ಕ್ಯಾಂಪಿಸಿ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 2008ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಯೌವನದಲ್ಲಿ ಕಾಯುವ ಏರ್ಪಾಡೇ ಮುಪ್ಪಿನಲ್ಲಿ ತೊಡಕಾಗುವುದು ಪ್ರಕೃತಿಯ ವಿಚಿತ್ರಗಳಲ್ಲೊಂದು.

ಗಂತಿಯಲ್ಲಿ ಮಾತ್ರವಲ್ಲ, ರೋಗಿಯ ರಕ್ತದಲ್ಲಿಯೂ ಮುಪ್ಪಿನ ಗುರುತುಗಳನ್ನು ಅಳೆಯಬಹುದು. ರಕ್ತದ ಒಂದು ಬಗೆಯ ಬಿಳಿಯ ಕಣಗಳಲ್ಲಿ ಪಿ-16ರ ಜೀನಿನ ಚಟುವಟಿಕೆಯು ವಯಸ್ಸಿನೊಡನೆ ಏರುತ್ತದೆ. ಸ್ತನದ ಕ್ಯಾನ್ಸರಿಗೆ ಔಷಧ ಚಿಕಿತ್ಸೆ ಪಡೆದ ಸ್ತ್ರೀಯರಲ್ಲಿ ಇದು ಹತ್ತು ವರ್ಷಗಳಿಗೂ ಮಿಗಿಲಾದ ಮುಪ್ಪಿಗೆ ಸಮನಾಗಿ ಏರಿದ್ದುದನ್ನು ಅಮೆರಿಕದ ಉತ್ತರ ಕೆರೊಲಿನಾದ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಜಿ.ಡಿ.ಎಫ್.-15 ಎಂಬ ಇನ್ನೊಂದು ಪ್ರೋಟೀನು ವಯಸ್ಸಿನೊಡನೆಯೂ ಹೆಚ್ಚುತ್ತದೆ, ಕರುಳಿನ ಕ್ಯಾನ್ಸರಿನಲ್ಲಿಯೂ ಹೆಚ್ಚುತ್ತದೆ. ಅದು ಬಹಳ ಏರಿದವರು ಬದುಕುವ ಅವಧಿ ಕಡಿಮೆಯಾಗಿರುವುದು ಕಂಡುಬಂದಿದೆ. ಇದು ಮೆದುಳಿನ ಬುಡಭಾಗವನ್ನು ಮುಟ್ಟಿ ಹಸಿವನ್ನು ಅಡಗಿಸುತ್ತದೆಂದು 2017ರಲ್ಲಿ ತಿಳಿದುಬಂದಿತು. ‘ಅನ್ನವೇ ಸೇರದು’ ಎಂದು ರೋಗಿಯು ತಟ್ಟೆಯನ್ನು ದೂಡುವುದು ಹಟದಿಂದಲ್ಲ. ಈ ಪ್ರೋಟೀನನ್ನು ಕಟ್ಟಿಹಾಕುವ ಔಷಧವೊಂದನ್ನು ಪಡೆದ ಕ್ಯಾನ್ಸರ್ ರೋಗಿಗಳ ದೇಹತೂಕ ಹೆಚ್ಚಿತೆಂದು 2024ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಕರುಳಿನ ಕ್ಯಾನ್ಸರಿನವರೂ ಇದ್ದರು.

ಇಂತಹ ಗುರುತುಗಳನ್ನು ಮುನ್ಸೂಚಕಗಳೆಂದು ಕರೆಯುತ್ತಾರೆ. ಇರುವೆಗಳು ಮೊಟ್ಟೆಗಳನ್ನು ಹೊತ್ತು ಮೇಲೇರುವುದನ್ನು ಕಂಡು ರೈತನು ಮಳೆಯನ್ನು ಊಹಿಸುವನು. ಮಳೆಯನ್ನು ತರುವುದು ಇರುವೆಯಲ್ಲ, ಇಂಥ ಔಷಧವನ್ನೇ ಬಿತ್ತೆಂದು ಅದು ಹೇಳುವುದೂ ಇಲ್ಲ. ಅಂತೆಯೇ, ಮುನ್ಸೂಚಕವು ರೋಗದ ಗತಿಯನ್ನು ತಿಳಿಸಬಹುದು. ಇಂತಹ ಚಿಕಿತ್ಸೆಯಿಂದ ಇವರಿಗೆ ಗುಣವಾಗುವುದೆಂದು ತಿಳಿಸಲು ಬೇರೆಯೇ ಪುರಾವೆ ಬೇಕು. ಅಲ್ಲದೆ ಅದು ನೂರಾರು ಜನರ ಸರಾಸರಿ. ಎದುರಿಗೆ ಕುಳಿತ ಒಬ್ಬ ಅಜ್ಜನ ಹಣೆಬರಹವಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶವು ಬದಲಾಗುವುದೂ ಉಂಟು.

ಆದರೂ ಬರಿಯ ಪಂಚಾಂಗದ ವಯಸ್ಸನ್ನು ನೋಡಿ ಚಿಕಿತ್ಸೆಯನ್ನು ನಿರಾಕರಿಸುವುದು ಸಲ್ಲದೆಂಬುದು ಸ್ಪಷ್ಟವಾಗಿದೆ. ಶಸ್ತ್ರಚಿಕಿತ್ಸೆಯ ತರುವಾಯ ಔಷಧ ಪಡೆದ ಹಾಗೂ ಪಡೆಯದ ಮೂರು ಸಾವಿರಕ್ಕೂ ಮಿಕ್ಕ ರೋಗಿಗಳ ವಿವರಗಳನ್ನು ಕೂಡಿಸಿ ನೋಡಿದ ಒಂದು ವರದಿಯು 2001ರಲ್ಲಿ ಹೊರಬಂದಿತು. ಎಪ್ಪತ್ತು ದಾಟಿದವರಿಗೂ ಕಿರಿಯರಿಗೆ ಆದಷ್ಟೇ ಲಾಭವಾಗಿತ್ತು. ಆದರೆ ಇಂತಹ ಪರೀಕ್ಷೆಗಳಿಗೆ ಸೇರಿಸಿಕೊಳ್ಳುವ ವೃದ್ಧರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರೆಂಬುದನ್ನು ಮರೆಯುವಂತಿಲ್ಲ. ಜಗಲಿಯ ಕಂಬ ಹಿಡಿದು ಏಳುವ ಅಜ್ಜನು ಆ ಲೆಕ್ಕದಲ್ಲಿ ಸೇರಿರಲಾರನು.

ಈ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗಳು ಹೆಚ್ಚಾಗಿ ಸಂಶೋಧನಾಲಯಗಳಲ್ಲಿಯೇ ಉಳಿದಿವೆ. ಆದುದರಿಂದ ವೃದ್ಧರ ಚಿಕಿತ್ಸೆಯಲ್ಲಿ ಪರಿಣತರಾದ ವೈದ್ಯರು ಇಂದಿಗೂ ಒಂದು ಸರಳ ಪರೀಕ್ಷೆಯನ್ನು ಮಾಡುತ್ತಾರೆ. ರೋಗಿಯು ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಬೇಕು. ವೈದ್ಯರು ಗಡಿಯಾರ ಹಿಡಿದು, ಇದಕ್ಕೆ ಎಷ್ಟು ಸೆಕೆಂಡುಗಳು ಹಿಡಿದವೆಂದು ಬರೆದುಕೊಳ್ಳುತ್ತಾರೆ.