ಸ್ಪೀಕರಿಗೊಪ್ಪುವ ಆಂಪ್ಲಿಫೈಯರ್

ಮನೆಯಲ್ಲಿ ಕುಳಿತು ಸಂಗೀತವನ್ನು ಚೆನ್ನಾಗಿ ಕೇಳಬೇಕೆಂದು ಒಂದು ಜೊತೆ ಬೆಲೆಬಾಳುವ ಸ್ಪೀಕರುಗಳನ್ನು ಕೊಂಡವನು ಮುಂದೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದಕ್ಕೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ಬೇಕು?" ಪ್ರಶ್ನೆ ಸಹಜವಾದುದೇ. ಆದರೆ ಅದರ ಉತ್ತರವನ್ನು ಹುಡುಕಬೇಕಾದುದು ಸ್ಪೀಕರಿನ ಸ್ವಭಾವದಲ್ಲಿ. ಇದನ್ನರಿಯದೆ, ವರುಷಗಟ್ಟಲೆ ಕೂಡಿಟ್ಟ ಹಣವನ್ನು ದೊಡ್ಡ ಅಂಕಿಯ ಪೆಟ್ಟಿಗೆಯೊಂದಕ್ಕೆ ಸುರಿದು ನಿರಾಶರಾದವರುಂಟು. ಸಣ್ಣದೇ ಸಾಕೆಂದು ತಂದು ಸ್ಪೀಕರನ್ನೇ ಸುಟ್ಟುಕೊಂಡವರೂ ಉಂಟು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಅದು ವಿಶೇಷವಾಗಿ ನಮ್ಮ ವಿಜ್ಞಾನ ವಿದ್ಯಾರ್ಥಿ ಮಿತ್ರರದು! ಮೂಲದ ಆಂತರಿಕ ರೋಧವೂ ಹೊರಗಿನ ಭಾರದ ರೋಧವೂ ಸಮವಾಗಿದ್ದಾಗ ಗರಿಷ್ಠ ಶಕ್ತಿ ವರ್ಗಾವಣೆಯಾಗುತ್ತದೆಂಬ ಪ್ರಮೇಯವನ್ನು ಅವರು ಬಾಯಿಪಾಠ ಮಾಡಿರುತ್ತಾರೆ. ಆದುದರಿಂದ ೮ ಓಮಿನ ಸ್ಪೀಕರಿಗೆ ೮ ಓಮಿನ ಆಂತರಿಕ ರೋಧವುಳ್ಳ ಆಂಪ್ಲಿಫೈಯರೇ ಬೇಕೆಂದು ವಾದಿಸುತ್ತಾರೆ. ಪ್ರಮೇಯ ಸರಿ, ಅನ್ವಯ ತಪ್ಪು. ಹಾಗೆ ಮಾಡಿದರೆ ಶಕ್ತಿಯ ಅರ್ಧಭಾಗ ಆಂಪ್ಲಿಫೈಯರಿನೊಳಗೇ ಶಾಖವಾಗಿ ಕಳೆದುಹೋಗುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಆಂತರಿಕ ರೋಧವು ಒಂದು ಓಮಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ. ಅದು ಒಂದು ವೋಲ್ಟೇಜನ್ನು ಮುಂದಿಡುತ್ತದೆ. ಎಷ್ಟು ವಿದ್ಯುತ್ ಪ್ರವಾಹವನ್ನು ಎಳೆದುಕೊಳ್ಳಬೇಕೆಂಬುದು ಸ್ಪೀಕರಿಗೆ ಬಿಟ್ಟದ್ದು. ಕೇಳಿದಷ್ಟನ್ನು ಕೇಳಿದ ಕ್ಷಣದಲ್ಲಿ ಕೊಡಬಲ್ಲ ಆಂಪ್ಲಿಫೈಯರೇ ಆ ಸ್ಪೀಕರಿಗೆ ಹೊಂದುವ ಆಂಪ್ಲಿಫೈಯರು. ವಾಲ್ವ್ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ೪, ೮, ೧೬ ಎಂದು ಬರೆದಿರುವುದೂ ಅವು ಹೊರಬಲ್ಲ ಭಾರವನ್ನೇ ಸೂಚಿಸುತ್ತದೆ.

ಹಾಗಾದರೆ ಸ್ಪೀಕರ್ ಎಷ್ಟು ಕೇಳುತ್ತದೆ? ಇದಕ್ಕೆ ಅದರ ಸಂವೇದನೆಯನ್ನು ತಿಳಿಯಬೇಕು. ೨.೮೩ ವೋಲ್ಟ್ ಕೊಟ್ಟಾಗ (೮ ಓಮಿಗೆ ಇದು ೧ ವ್ಯಾಟ್) ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುವುದೆಂಬುದೇ ಈ ಅಂಕಿ. ಶಕ್ತಿಯನ್ನು ಇಮ್ಮಡಿಸಿದರೆ ಕೇವಲ ೩ ಡೆಸಿಬೆಲ್ ಏರುತ್ತದೆ. ಹತ್ತು ಮಡಿಸಿದರೆ ೧೦. ಕಿವಿಗೆ ಸದ್ದು ಎರಡರಷ್ಟಾದಂತೆ ತೋರಬೇಕಾದರೆ ಸುಮಾರು ಹತ್ತು ಮಡಿ ಶಕ್ತಿ ಬೇಕು. ೫೦ ವ್ಯಾಟಿನ ಬದಲು ೬೦ ವ್ಯಾಟಿನದನ್ನು ಹೆಚ್ಚು ಹಣ ಕೊಟ್ಟು ತರುವವರು ಇದನ್ನು ನೆನೆಯಬೇಕು: ಅವರಿಗೆ ದೊರೆತುದು ಒಂದು ಡೆಸಿಬೆಲ್ಲಿಗಿಂತಲೂ ಕಡಿಮೆ.

ಎರಡು ಪ್ರಸಿದ್ಧ ಸ್ಪೀಕರುಗಳನ್ನು ನೋಡೋಣ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ೧೯೭೦ರ ದಶಕದಲ್ಲಿ ಇಕ್ಕಟ್ಟಾದ ಪ್ರಸಾರ ವಾಹನಗಳಲ್ಲಿ ಬಳಸಲು ರೂಪಿಸಿದ ಎಲ್.ಎಸ್. ೩/೫ಎ ಎಂಬ ಪುಟ್ಟ ಸ್ಪೀಕರಿನ ಸಂವೇದನೆ ಸುಮಾರು ೮೩ ಡೆಸಿಬೆಲ್. ಅಮೆರಿಕದ ಪಾಲ್ ಕ್ಲಿಪ್ಶ್ ೧೯೪೦ರ ದಶಕದಲ್ಲಿ ನಿರ್ಮಿಸಿದ, ಕೋಣೆಯ ಮೂಲೆಯಲ್ಲಿ ನಿಲ್ಲಿಸತಕ್ಕ ಕಹಳೆಯ ಮಾದರಿಯ ಕ್ಲಿಪ್ಶ್‌ಹಾರ್ನಿಗೆ ತಯಾರಕರು ಹೇಳುವ ಅಂಕಿ ೧೦೫ರ ಆಸುಪಾಸು. ಅದರಲ್ಲಿ ಸ್ವಲ್ಪ ಕಳೆದು ೧೦೩ ಎಂದುಕೊಂಡರೂ ಅಂತರ ೨೦ ಡೆಸಿಬೆಲ್, ಅಂದರೆ ನೂರು ಮಡಿ! ಒಂದಕ್ಕೆ ೧ ವ್ಯಾಟ್ ಸಾಲುವ ಕಡೆ ಇನ್ನೊಂದಕ್ಕೆ ೧೦೦ ವ್ಯಾಟ್ ಬೇಕಾದೀತು. ಪುಟ್ಟ ಸ್ಪೀಕರು ಅಷ್ಟನ್ನು ಸಹಿಸುವಂತೆ ಕಟ್ಟಿದ್ದಲ್ಲವೆಂಬುದು ಬೇರೆ ಮಾತು. ಅದು ಹತ್ತಿರ ಕುಳಿತು ಮೆಲ್ಲಗೆ ಕೇಳುವವರಿಗೆ.

ಇವೆರಡರ ನಡುವಿನ, ೮೬ ಡೆಸಿಬೆಲ್ಲಿನ ಸ್ಪೀಕರುಗಳೇ ಹೆಚ್ಚಿನವರ ಮನೆಗೆ ಬರುವುವು. ಮೂರು ಮೀಟರ್ ದೂರದಲ್ಲಿ ಕುಳಿತರೆ, ಎರಡು ಸ್ಪೀಕರುಗಳೂ ಕೋಣೆಯ ಗೋಡೆಗಳೂ ನೆರವಾದ ಮೇಲೆ, ೩ ಡೆಸಿಬೆಲ್ ನಷ್ಟವೆಂದಿಟ್ಟುಕೊಳ್ಳೋಣ. ಸರಾಸರಿ ೮೦ ಡೆಸಿಬೆಲ್ ಸದ್ದಿಗೆ ಒಂದೊಂದು ಸ್ಪೀಕರಿಗೂ ಬೇಕಾದುದು ಅರ್ಧ ವ್ಯಾಟ್ ಮಾತ್ರ. ಆದರೆ ತಂಬೂರಿಯ ನಾದದ ಮೇಲೆ ಮೃದಂಗದ ಒಂದು ಘಾತ ಬಿದ್ದಾಗ ಸದ್ದು ಕ್ಷಣಕಾಲ ೧೫ ಡೆಸಿಬೆಲ್ ಮೇಲೇರಿತೆನ್ನಿ. ಆಗ ಬೇಕಾದುದು ೧೬ ವ್ಯಾಟ್. ಸದ್ದನ್ನು ಇನ್ನು ೧೦ ಡೆಸಿಬೆಲ್ ಏರಿಸಿದರೆ ೧೬೦! ಸರಾಸರಿಯನ್ನು ನೋಡಿ ಆಂಪ್ಲಿಫೈಯರ್ ಕೊಂಡವನಿಗೆ ತನಿಯಾವರ್ತನದಲ್ಲಿ ಮೋಸವಾಗುವುದು ಹೀಗೆ. (ಹಿಂದೆ ಅಗ್ಗದ ಸೆಟ್ಟುಗಳ ಮೇಲೆ ಸಾವಿರಾರು ವ್ಯಾಟ್ ಪಿ.ಎಂ.ಪಿ.ಓ. ಎಂದು ಅಚ್ಚಾಗಿರುತ್ತಿತ್ತು. ೧೨ ವೋಲ್ಟ್, ೧ ಆಂಪಿಯರಿನ ಅಡಾಪ್ಟರಿನಿಂದ ನಡೆಯುವ ಯಂತ್ರ ೧೨ ವ್ಯಾಟಿಗಿಂತ ಹೆಚ್ಚನ್ನು ನಿರಂತರವಾಗಿ ಎಲ್ಲಿಂದ ತಂದೀತು?)

ಇನ್ನು ಓಮಿನ ವಿಚಾರ. ಸ್ಪೀಕರಿನ ಬೆನ್ನಿನ ಮೇಲಿರುವ '೮ ಓಮ್' ಎಂಬುದು ಒಂದು ಹೆಸರು ಮಾತ್ರ. ಸ್ವರದ ಆವರ್ತ ಬದಲಾದಂತೆ ನಿಜವಾದ ಪ್ರತಿಬಾಧೆಯೂ ಏರಿಳಿಯುತ್ತದೆ. ಅತಿ ಕೆಳಗಿನ ಬೆಲೆಯೂ ಹೇಳಿದ ಅಂಕಿಯ ಶೇಕಡ ೮೦ಕ್ಕಿಂತ ಇಳಿಯಬಾರದೆಂದು ಅಂತರರಾಷ್ಟ್ರೀಯ ಮಾನಕವೊಂದುಂಟು. ಆದರೆ ೮ ಎಂದು ಬರೆದು ೩ಕ್ಕೆ ಇಳಿಯುವ ಬೆಲೆಬಾಳುವ ಸ್ಪೀಕರುಗಳು ಅಪರೂಪವಲ್ಲ. ೨೦ ವೋಲ್ಟಿಗೆ ೮ ಓಮ್ ೨.೫ ಆಂಪಿಯರ್ ಎಳೆಯುತ್ತದೆ, ಅದು ೫೦ ವ್ಯಾಟ್. ೪ ಓಮ್ ೫ ಆಂಪಿಯರ್, ೧೦೦ ವ್ಯಾಟ್. ೨ ಓಮ್ ೧೦ ಆಂಪಿಯರ್, ೨೦೦ ವ್ಯಾಟ್. ಆದುದರಿಂದ ಆಂಪ್ಲಿಫೈಯರಿನ ವಿವರಪತ್ರದಲ್ಲಿ ೮ ಓಮಿನ ಅಂಕಿಯ ಪಕ್ಕದಲ್ಲಿ ೪ ಓಮಿನ ಅಂಕಿಯನ್ನೂ ನೋಡತಕ್ಕದ್ದು. ೫೦ ಇದ್ದುದು ೧೦೦ರ ಸಮೀಪಕ್ಕೆ ಹೋದರೆ ಅದರ ಟ್ರಾನ್ಸ್‌ಫಾರ್ಮರಿನಲ್ಲಿ ಕಸುವಿದೆ. ೬೫ಕ್ಕೇ ನಿಂತರೆ ಕಷ್ಟದ ಸ್ಪೀಕರಿಗೆ ಅದು ಒದಗದು. ನನ್ನ ಮಟ್ಟಿಗೆ, ವ್ಯಾಟಿಗಿಂತ ಈ ಒಂದು ಹೋಲಿಕೆಯೇ ಹೆಚ್ಚು ನಂಬತಕ್ಕದ್ದು.

ವಾಲ್ವ್ ಆಂಪ್ಲಿಫೈಯರುಗಳಲ್ಲಿ ಆಂತರಿಕ ರೋಧ ಹೆಚ್ಚಾದುದರಿಂದ ಇನ್ನೊಂದು ತೊಡಕು. ೬ ಓಮಿನಿಂದ ೨೪ ಓಮಿನವರೆಗೆ ಏರಿಳಿಯುವ ಸ್ಪೀಕರಿಗೆ ೨ ಓಮ್ ಆಂತರಿಕ ರೋಧವಿರುವ ಆಂಪ್ಲಿಫೈಯರನ್ನು ಕೂಡಿಸಿದರೆ ಕೆಲವು ಸ್ವರಗಳು ಇತರ ಸ್ವರಗಳಿಗಿಂತ ಸುಮಾರು ೧.೮ ಡೆಸಿಬೆಲ್ ಮುಂದಾಗುತ್ತವೆ. ಅದನ್ನೇ 'ವಾಲ್ವಿನ ಮಾಧುರ್ಯ'ವೆಂದು ಹೊಗಳುವವರಿದ್ದಾರೆ. ಇರಲಿ, ರುಚಿ ಅವರವರದು.

ಅಂಕಿ ದೊಡ್ಡದಾದಷ್ಟೂ ಕ್ಷೇಮವೇ? ಸಾಧಾರಣವಾಗಿ, ಕೈಯಲ್ಲಿ ಹತೋಟಿ ಇದ್ದರೆ, ಹೌದು. ಸಣ್ಣ ಆಂಪ್ಲಿಫೈಯರನ್ನು ಶಕ್ತಿಮೀರಿ ದುಡಿಸಿದರೆ ಅದು ಅಲೆಗಳ ತಲೆಯನ್ನೇ ಕತ್ತರಿಸುತ್ತದೆ. ಮೂಲದಲ್ಲಿಲ್ಲದ ಉಚ್ಚ ಆವರ್ತಗಳು ಹುಟ್ಟುತ್ತವೆ, ಸರಾಸರಿ ಶಕ್ತಿಯೂ ಏರುತ್ತದೆ, ಕೂದಲೆಳೆಯಂಥ ತಂತಿಯ ಟ್ವೀಟರ್ ಸುಟ್ಟುಹೋಗುತ್ತದೆ. ಆದರೆ ಇದಕ್ಕೆ ಅಪವಾದವೂ ಉಂಟು. ಇಂಗ್ಲೆಂಡಿನ ಪೀಟರ್ ವಾಕರ್ ೧೯೫೭ರಲ್ಲಿ ಮಾರಾಟಕ್ಕೆ ತಂದ ಕ್ವಾಡ್ ಸ್ಥಿರವಿದ್ಯುತ್ ಸ್ಪೀಕರಿನಲ್ಲಿ ಸುರುಳಿಯಿಲ್ಲ, ಬಿಗಿದ ತೆಳುಪೊರೆ ಮಾತ್ರ. ಅದು ವಿದ್ಯುತ್ತಿಗೆ ಕೆಪಾಸಿಟರಿನಂತೆ ವರ್ತಿಸುವುದರಿಂದ ಅತ್ಯುಚ್ಚ ಸ್ವರಗಳಲ್ಲಿ ಪ್ರತಿಬಾಧೆ ೨ ಓಮಿನ ಹತ್ತಿರಕ್ಕೆ ಇಳಿಯುತ್ತದೆ. ವೋಲ್ಟೇಜು ಮಿತಿಮೀರಿದರೆ ಒಳಗೆ ಕಿಡಿಹಾರಿ ಪೊರೆ ಕೆಡುತ್ತದೆ. ವಾಕರರ ಸಂಸ್ಥೆಯದೇ ೧೫ ವ್ಯಾಟಿನ ಕ್ವಾಡ್ ೨ ಎಂಬ ವಾಲ್ವ್ ಆಂಪ್ಲಿಫೈಯರು ಅದಕ್ಕೆ ಒಪ್ಪಿತು. ಇನ್ನೂರು ವ್ಯಾಟಿನ ದೈತ್ಯನು ಅದನ್ನು ಕೊಂದಾನು.

ಪ್ರತಿಬಾಧೆಯ ನಕ್ಷೆಯನ್ನು ತಯಾರಕರು ಕೊಡದಿದ್ದರೆ ಸಾಮಾನ್ಯ ಸ್ಪೀಕರಿನದನ್ನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ನಾವೇ ಬರೆದುಕೊಳ್ಳಬಹುದು. ಸಿಗ್ನಲ್ ಜನರೇಟರನ್ನು ಮೇಲ್ತುದಿಯಿಂದ ಕೆಳತುದಿಗೆ ೧೦ ವೋಲ್ಟಿಗೆ ಇಟ್ಟು, ೧೦೦೦ ಓಮಿನ ರೋಧಕವೊಂದನ್ನು ಸ್ಪೀಕರಿನೊಡನೆ ಸರಣಿಯಲ್ಲಿ ಸೇರಿಸಬೇಕು. ಆಗ ಪ್ರವಾಹ ಹೆಚ್ಚುಕಡಿಮೆ ಸ್ಥಿರವಾಗಿ ೧೦ ಮಿಲಿಆಂಪಿಯರ್ ಇರುತ್ತದೆ. ಸ್ಪೀಕರಿನ ಎರಡು ತುದಿಗಳ ನಡುವೆ ಆಸಿಲೋಸ್ಕೋಪಿನಲ್ಲಿ ಕಾಣುವ ಮಿಲಿವೋಲ್ಟನ್ನು ಹತ್ತರಿಂದ ಭಾಗಿಸಿದರೆ ಓಮ್ ಸಿಗುತ್ತದೆ: ೮೦ ಕಂಡರೆ ೮, ೩೦ ಕಂಡರೆ ೩. ೨೦ ಹರ್ಟ್ಸಿನಿಂದ ೨೦,೦೦೦ದವರೆಗೆ ಮೂವತ್ತು ಬಿಂದುಗಳನ್ನು ಗುರುತಿಸಲು ಒಂದು ಮಧ್ಯಾಹ್ನ ಸಾಕು. ಸಾಧಾರಣ ಮಲ್ಟಿಮೀಟರನ್ನು ಮಾತ್ರ ಇದಕ್ಕೆ ಬಳಸಬಾರದು. ಅನೇಕ ಮಲ್ಟಿಮೀಟರುಗಳು ಉಚ್ಚ ಆವರ್ತಗಳಲ್ಲಿ ತಪ್ಪು ತೋರಿಸುತ್ತವೆ.